ಹತ್ತಿ ಅಂಗಿಯ ಅಂಟು

ಅಂಗಿಯ ಎದೆಯ ಮೇಲೆ ಅಂಗೈಯಗಲದ ಪೈನ್ ಮರದ ಅಂಟು. ನಜ್ಲಾ ಅದಕ್ಕೆ ಆಲಿವ್ ಎಣ್ಣೆ ಸುರಿದು ಹೆಬ್ಬೆರಳಲ್ಲಿ ತಿಕ್ಕುತ್ತಿದ್ದಾಗ ಪಕ್ಕದ ಮನೆಯ ಉಮ್ ಗಸ್ಸಾನ್ ಬಾಗಿಲು ತಟ್ಟದೆಯೇ ಒಳಗೆ ಬಂದಳು.

“ಇವತ್ತೂ ಅಂಟಾ? ನಿನ್ನ ಗಂಡ ಮರ ಹತ್ತುತ್ತಾನೋ, ತಬ್ಬಿಕೊಂಡು ಮಲಗ್ತಾನೋ?”

“ತಬ್ಬಿಕೊಳ್ಳದೆ ಹತ್ತೋಕಾಗುತ್ತಾ ಚಿಕ್ಕಮ್ಮ?”

ಎಣ್ಣೆಗೆ ಅಂಟು ಮೆತ್ತಗಾಯಿತು. ನಜ್ಲಾ ಅದನ್ನು ಚಮಚದ ಹಿಡಿಯಿಂದ ಕೆರೆದು ತೆಗೆದು, ಉಳಿದ ಕಲೆಗೆ ಅರಕ್ ಸುರಿದಳು. ಸೋಂಪಿನ ಘಮ ಅಡುಗೆಮನೆ ತುಂಬಿತು.

“ಅಯ್ಯೋ, ಕುಡಿಯೋದನ್ನ ಅಂಗಿಗೆ ಕುಡಿಸ್ತೀಯಲ್ಲೇ!”

“ಅಂಗಿ ಕುಡಿದ್ರೆ ಜಗಳ ಆಡಲ್ಲ, ಬಿಡಿ.”

ಉಮ್ ಗಸ್ಸಾನ್ ನಗಲಿಲ್ಲ. ಹೋದ ವರ್ಷ ನಜ್ಲಾಳ ಗಂಡ ಫಾರಿಸ್ ಪೈನ್ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಈ ಸಲ ಬೀಜಕ್ಕಾಗಿ ಪೈನ್ ಕಾಯಿ ಕೀಳುವ ಕಾಲ ಬಂದದ್ದೇ ತಡ, ಮತ್ತೆ ತೋಪಿಗೆ ಹೊರಟ. ಎದೆಗಾರಿಕೆ ಅಂದರೆ ಇದು ಎಂದು ಊರೆಲ್ಲ ಹೊಗಳುತ್ತಿತ್ತು. ಆದರೆ ರೊಟ್ಟಿ ಅಂಗಡಿಯಲ್ಲಿ ಅವನ ಕೈ ನೋಡಿದವಳು ಉಮ್ ಗಸ್ಸಾನ್ ಒಬ್ಬಳೇ.

“ಪಾದ್ರಿಯ ಕೈಯ ಹಾಗೆ ಹಸನಾಗಿತ್ತು ಕಣೇ. ಅಂಗಿಗೆ ಅಂಟು, ಕೈಗಿಲ್ಲ! ತೋಪಿನಲ್ಲಿ ಯಾರೋ ಇದ್ದಾಳೆ.”

ನಜ್ಲಾ ತಲೆ ಎತ್ತಲಿಲ್ಲ. ಅಂಗಿಯನ್ನು ಬಿಸಿನೀರಿಗೆ ಅದ್ದಿ ಸೋಪು ಹಚ್ಚಿದಳು. “ಆ ತೋಪಿನಲ್ಲಿ ಏನು ನಡೆಯುತ್ತೆ ಅಂತ ನನಗೆ ಗೊತ್ತು ಚಿಕ್ಕಮ್ಮ. ಕಣ್ಣಾರೆ ನೋಡಿದಷ್ಟು ಚೆನ್ನಾಗಿ.”

ಪಾಪದ ಹುಡುಗಿ, ಎಷ್ಟು ನಂಬಿಕೆ! ಉಮ್ ಗಸ್ಸಾನ್‌ಗೆ ಮರುಕ ಹುಟ್ಟಿತು. ಹಿಂದೆ ಅವಳ ಸ್ವಂತ ಗಂಡನ ಕಳ್ಳಸಂಬಂಧ ಊರಿಗೆಲ್ಲ ಗೊತ್ತಾಗಿ, ಕಡೆಗೆ ಗೊತ್ತಾದದ್ದು ಅವಳಿಗೇ. ನಜ್ಲಾಳಿಗೆ ಹಾಗಾಗಬಾರದು.

ಮಾರನೆಯ ದಿನ ಅವಳು ತೊರೆ ದಾಟಿ ಫಾರಿಸ್‌ನ ತೋಪಿಗೆ ಹೋದಳು. ಬಂಡೆಯ ಮರೆಯಲ್ಲಿ ಅವಿತು ನೋಡಿದಳು. ಫಾರಿಸ್ ಮರದ ಬುಡಕ್ಕೆ ಒರಗಿ ಕೂತು, ಬಟ್ಟೆ ಹಾಸಿ, ರೊಟ್ಟಿ ಮುರಿದು ಎರಡು ಪಾಲು ಮಾಡುತ್ತಿದ್ದ.

“ಬಾ ನನ್ನ ಜೀವವೇ, ಸಾಕು. ರೊಟ್ಟಿ ಆರಿಹೋಗುತ್ತೆ.”

ಎಲ್ಲಿಂದಲೋ ಹೆಣ್ಣಿನ ನಗು ಕೇಳಿಸಿತು.

ಉಮ್ ಗಸ್ಸಾನ್ ಚಪ್ಪಲಿ ಕೈಗೆತ್ತಿಕೊಂಡು ನುಗ್ಗಿದಳು. “ನಾಚಿಕೆಗೆಟ್ಟವನೇ! ಮನೇಲಿ ಅವಳು ನಿನ್ನ ಅಂಗಿ ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಳ್ತಾಳೆ, ನೀನಿಲ್ಲಿ ಮಜಾ ಮಾಡ್ತೀಯಾ? ಕರಿ ಆ ಮಾಟಗಾತೀನ! ಎಲ್ಲಿ ಬಚ್ಚಿಟ್ಟಿದ್ದೀಯ?”

ಫಾರಿಸ್‌ನ ಮುಖ ಕೆಂಪೇರಿತು. ನೆಲ ನೋಡಿದ.

“ಚಿಕ್ಕಮ್ಮ, ಆಚೆ ಸರ್ಕೊಳ್ಳಿ, ಕಾಯಿ ಬೀಳುತ್ತೆ!” ಗಂಡನ ಅಂಗಿ ತೊಟ್ಟು ಮರದ ತುದಿಯಲ್ಲಿ ಕೂತಿದ್ದ ನಜ್ಲಾ ಕೂಗಿದಳು. “ಊರಲ್ಲಿ ಮಾತ್ರ ಬಾಯಿ ಬಿಡಬೇಡಿ. ಬಿದ್ದಾಗಿನಿಂದ ಇವರಿಗೆ ಏಣಿ ಕಂಡರೂ ತಲೆ ಸುತ್ತುತ್ತೆ!”