ಗೋಡೆ ಬುಡದ ಬ್ಯಾಂಜೋ

ದೊಡ್ಡೀರಪ್ಪ ದೂರದಿಂದಲೇ ಹೆಂಡತಿಯನ್ನು ಬೈದುಕೊಂಡು ಬಂದ. "ಇಲ್ಲಿ ಏನೈತೆ ಅಂತ ದಿನಾ ಕುರಿ ತಂದು ನಿಲ್ಲಿಸ್ತೀಯೇ? ಹುಲ್ಲೆಲ್ಲಾ ಕುದಾಪುರದ ಕಡೆ ಐತೆ, ಇವು ಇಲ್ಲಿ ಮಣ್ಣು ನೆಕ್ತಾ ಅದಾವೆ."

ಮಾತು ಸುಳ್ಳಲ್ಲ. ಸಂಶೋಧನಾ ಕೇಂದ್ರದ ಉದ್ದನೆಯ ಗೋಡೆಯ ಬುಡ ಬೋಳಾಗಿಹೋಗಿತ್ತು. ಕಲ್ಲಿನ ಸಂದಿಯಲ್ಲಿ ಒಂದೇ ಒಂದು ಹಿಡಿ ಹುಲ್ಲು ಉಳಿದಿತ್ತು, ಅದರ ಮೇಲೂ ಟಗರಿಗೆ ಕಣ್ಣು. ಕೆಂಚಕ್ಕ ಮಾತ್ರ ಗೇಟಿನ ಸೆಕ್ಯೂರಿಟಿ ರೂಮಿನ ನೆರಳಲ್ಲಿ ಕಾಲು ಚಾಚಿ, ಇತ್ತ ತಿರುಗದೆ ಕೂತಿದ್ದಳು.

"ನಾಳೆಯಿಂದ ಕುರಿ ನಾನೇ ಹೊಡ್ಕೊಂಡು ಹೋಗ್ತೀನಿ. ನೀನು ಈ ಕಡೆ ಬರೋದು ಬ್ಯಾಡ."

ಕೆಂಚಕ್ಕ ಚಾಚಿದ ಕಾಲು ಮಡಚಿಕೊಂಡಳು. ಮನೆಯಲ್ಲಿರುವುದು ಗುಂಡಿ ಒತ್ತುವ ಫೋನು. ಈ ನೆರಳು ತಪ್ಪಿದರೆ ಸೆಕ್ಯೂರಿಟಿಯವನು ದಿನಾ ತನ್ನ ಫೋನಿನಲ್ಲಿ ಹಾಕುವ ಆ ಸಂಗೀತವೂ ತಪ್ಪಿದಂತೆಯೇ. ಹಾಗಂತ ಗೋಗರೆಯುವ ಹೆಂಗಸಲ್ಲ ಅವಳು. "ಆಯ್ತು. ಇವತ್ತೊಂದಿನ ಬಾಯ್ಮುಚ್ಕೊಂಡು ಕುಂತ್ಕೋ," ಎಂದವಳೇ ಕಿಟಕಿಯತ್ತ ನೋಡಿದಳು. "ಬಾಲರಾಜು, ಹಾಕಪ್ಪ."

ಸೆಕ್ಯೂರಿಟಿ ಬಾಲರಾಜು ಊಟದ ಡಬ್ಬಿ ಮುಚ್ಚಿ, ಫೋನನ್ನು ಕಿಟಕಿಯ ಮೇಲಿಟ್ಟ. "ಅಮೆರಿಕದ ಬೆಟ್ಟದ ಸೀಮೆಯವರ ಹಳೇ ಸಂಗೀತ, ಯಜಮಾನ್ರೇ. ಬ್ಲೂಗ್ರಾಸ್ ಅಂತಾರೆ. ನುಡಿಸ್ತಿರೋದು ಬ್ಯಾಂಜೋ."

ತಂತಿ ಮೊದಲು ಮೆಲ್ಲಗೆ ಮಿಡಿಯಿತು. ಆಮೇಲೆ ಒಂದು ಸ್ವರದ ಬೆನ್ನಿಗೆ ಇನ್ನೊಂದು ಓಡತೊಡಗಿತು, ಸಂಜೆ ಮರಿಗಳ ಕೂಗು ಕೇಳಿದ ತಾಯಿಕುರಿಗಳು ಹಟ್ಟಿಯ ಕಡೆ ದೌಡಾಯಿಸುವ ಹಾಗೆ. ಕೆಂಚಕ್ಕ ಕಣ್ಣು ಮುಚ್ಚಿದಳು. ಗೋಡೆ ಕರಗಿಹೋಗಿ, ಹಿಂದೆ ಕುರಿ ಮೇಯುತ್ತಿದ್ದ ಉಳ್ಳಾರ್ತಿ ಕಾವಲು ಮೊದಲಿನಂತೆ ಆಕಾಶದ ತನಕ ಹರಡಿಕೊಂಡಿತು. ಅದರ ನಡುವೆ ಅವಳು ಲಂಗ ಎತ್ತಿಕಟ್ಟಿ ಓಡುತ್ತಿದ್ದಳು. ಮಂಡಿನೋವು ಎಲ್ಲಿಗೆ ಹೋಯಿತೋ ಏನೋ. ಅಬ್ಬಾ, ಅದೆಂಥ ಸುಖ.

ದೊಡ್ಡೀರಪ್ಪ ನಿಂತೇ ಇದ್ದ. ಆಮೇಲೆ ಯಾರೂ ಹೇಳದೆಯೇ ಕೂತ. "ಯಾರದೋ ಮಂದೆ ಇಳಿಜಾರು ಇಳೀತೈತೆ," ಎಂದ ಪಿಸುದನಿಯಲ್ಲಿ. "ಗಂಟೆ ಯಾವ ಸಂತೇಲಿ ತಗೊಂಡವ್ನೋ, ಕೇಳೇ ಅವನ್ನ."

"ಗಂಟೆ ಅಲ್ಲ ಅದು, ತಂತಿ."

"ಸುಮ್ನಿರೇ, ನಿನ್ನ ಮಾತಲ್ಲಿ ಕೇಳಿಸ್ತಿಲ್ಲ."

ಅಷ್ಟರಲ್ಲಿ ಟಗರು ಕತ್ತು ಕೊಡವಿತು. ಅದರ ಕೊರಳ ಗಂಟೆ ಅಡ್ಡಾದಿಡ್ಡಿ ಬಡಿದುಕೊಂಡು ಸಂಗೀತದ ಓಟವೇ ಕೆಟ್ಟಿತು. ದೊಡ್ಡೀರಪ್ಪ ಸದ್ದಾಗದಂತೆ ಎದ್ದುಹೋಗಿ, ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಆ ಒಂದು ಹಿಡಿ ಹುಲ್ಲನ್ನು ಕಿತ್ತ. ಟಗರು ಆಸೆಯಿಂದ ಬಾಯಿ ಚಾಚಿತು. ಅವನು ಅದರ ಮೂತಿ ಸರಿಸಿ, ಹುಲ್ಲನ್ನು ಗಂಟೆಯೊಳಕ್ಕೆ ತುರುಕಿದ.