‘ಲಾ’ ಅಂದ್ರೆ ಇಲ್ಲ

“‘ಲಾ’ ಅಂದ್ರೆ ಅರಬ್ಬಿಲಿ ‘ಇಲ್ಲ’. ಎಲ್ರೂ ಜೋರಾಗಿ ಹೇಳಿ,” ಎಂದಳು ಯಮುನಾ. ಅರಬ್ಬಿ ಮಾತು ಕಲಿಸುವುದನ್ನು ಅವಳು ಚಿತ್ತೇಶನ ಬಳಿ ಕಲಿಯುತ್ತಿದ್ದಳು. ಗಲ್ಫ್‌ಗೆ ಹೊರಟಿದ್ದ ಹುಳಿಯಾರಿನ ಕಡೆಯವರೆಲ್ಲ ಒಟ್ಟಿಗೆ “ಲಾ!” ಎಂದರು. ಬೋರ್ಡ್ ಒರೆಸುತ್ತಿದ್ದ ಚಿತ್ತೇಶ ಗಕ್ಕನೆ ತಿರುಗಿದ.

ಸೌದಿಯ ಮರಳಿನಲ್ಲಿ ಕುರಿ ಕಾಯುವಾಗಲೂ ಹೀಗೇ ಆಗುತ್ತಿತ್ತು. ಮಾಲೀಕ ಫೋನಿನಲ್ಲಿ ಯಾರಿಗೋ “ಲಾ” ಎಂದರೆ ಸಾಕು, ಊರಿನ ಹಟ್ಟಿಯ ಗೆಳೆಯರು ‘ಲೋ’ ಎನ್ನುವ ಸಲುಗೆಯಲ್ಲಿ “ಲಾ ಚಿತ್ತಾ” ಎಂದು ಕೂಗಿದಂತಾಗಿ ತಿರುಗಿಬಿಡುತ್ತಿದ್ದ. ಈಗ ಊರಿಗೇ ಮರಳಿದ್ದಾನೆ. ಆ ಗೆಳೆಯರೂ ಇಲ್ಲೇ ಇದ್ದಾರೆ. ಆದರೆ ಅವರೂ ‘ಸಾರ್’ ಎನ್ನುತ್ತಾರೆ.

“ತಪ್ಪಾಯ್ತಾ ಸಾರ್?” ಯಮುನಾ ಅಳುಕಿದಳು.

“ಇಲ್ಲ ಕಣಮ್ಮ.” ಚಿತ್ತೇಶ ಮತ್ತೆ ಬೋರ್ಡಿನ ಕಡೆ ಮುಖ ಮಾಡಿ ನಿಂತ. “ಇನ್ನೊಂದ್ಸಲ ಹೇಳ್ಸು.”