ಅವನ ಗೇಣು

“ನೀವು ಅಳೆಯೋಕೆ ಶುರುಮಾಡಿದ್ಮೇಲೆ ಎಲೆಗಳು ಈ ಪಾಟಿ ಬೆಳೆದ್ಬಿಟ್ಟಿವೆಯಲ್ಲಮ್ಮ! ಒಳ್ಳೇ ಕೈಗುಣ ನಿಮ್ದು.” ಹಸಿರುಮನೆಯ ಮೇಲ್ವಿಚಾರಕರು ಬಾಯ್ತುಂಬ ಹೊಗಳಿದಾಗ, ಸೌತೆ ಎಲೆಯೊಂದರ ಮೇಲೆ ಹರಡಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು.

ಸ್ಕೇಲು ತಾಗಿದರೆ ಎಳೆ ಎಲೆ ಹರಿಯುತ್ತದೆಂದು ಅವಳ ಗಂಡ ಸ್ಕೇಲನ್ನು ಮುಟ್ಟಿದವನೇ ಅಲ್ಲ. ಎಲೆಗೆ ಸೋಕದಂತೆ ಕೈ ಹರಡಿ, ಉದ್ದ ಇಷ್ಟು ಗೇಣು, ಅಗಲ ಇಷ್ಟು ಗೇಣು ಎಂದು ಕೂಗುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಅವನು ತೀರಿಕೊಂಡ ಮೇಲೆ ಆ ಕೆಲಸ ಅವಳ ಪಾಲಿಗೆ ಬಂತು. ಅವನು ಹೇಳಿಕೊಟ್ಟಂತೆಯೇ, ಒಂದೆಲೆಗೂ ನೋವಾಗದಂತೆ, ಅವಳೂ ಗೇಣು ಹಾಕಿದ್ದಳು.

ಈಗ ಹೊಳೆಯಿತು. ಮದುವೆಯ ಹೊಸದರಲ್ಲಿ ಅವನು ಅವಳ ಅಂಗೈಗೆ ತನ್ನ ಅಂಗೈ ಒತ್ತಿ, “ಇದೇನೇ, ಗೊಂಬೆ ಕೈ!” ಎಂದು ನಗುತ್ತಿದ್ದ.

“ಎಲೆ ಬೆಳೆದಿಲ್ಲ ಸಾರ್,” ಎಂದಳು. “ನನ್ನ ಗೇಣು ಚಿಕ್ಕದು.”

“ಅಯ್ಯೋ! ಎಷ್ಟು ಚಿಕ್ಕದು? ಲೆಕ್ಕ ಸರಿಮಾಡ್ಬೇಕಲ್ಲಮ್ಮ.”

ಅವಳು ಎಲೆಯ ಮೇಲೆ ಮತ್ತೆ ಗೇಣು ಹರಡಿದಳು. ಕಿರುಬೆರಳಿನ ಆಚೆಗೆ ಇನ್ನೊಂದು ಕೈಯ ಎರಡು ಬೆರಳು ಜೋಡಿಸಿ ಹಿಡಿದಳು. “ಅವ್ರ ಕೈ ಇಲ್ಲೀವರೆಗೂ ಬರ್ತಿತ್ತು,” ಎಂದಳು. ಆ ಎರಡು ಬೆರಳನ್ನು ಅಲ್ಲಿಂದ ತೆಗೆಯಲು ಅವಳಿಗಾಗಲಿಲ್ಲ.